ಕವಡೆಯ ನಾಡಿನಲ್ಲಿ ಕಾಲು ಚಾಚಿ

ಸಮುದ್ರದ ದಂಡೆಯ ಮೇಲೆ ಸುಮ್ಮನೆ ಕೂರುವುದಕ್ಕೆಂದೇ ಜನ ದುಡ್ಡು ಕೊಟ್ಟು ದೂರ ಹೋಗುತ್ತಾರೆ ಎಂಬುದನ್ನು ನಮ್ಮ ಹೊನ್ನಾವರದ ಕಡೆಯ ಹಳಬರಿಗೆ ಒಪ್ಪಿಸುವುದು ಕಷ್ಟ. ಅವರ ಪಾಲಿಗೆ ಸಮುದ್ರ ಅಂದರೆ ದುಡಿಮೆ. ಬಲೆ ಸರಿಮಾಡುವುದು, ಮೀನು ಒಣಗಿಸುವುದು, ದೋಣಿ ಎಳೆಯುವುದು, ಮಳೆಗಾಲದಲ್ಲಿ ಕಡಲು ಎಷ್ಟು ಮೇಲೆ ಬಂತು ಎಂದು ನೋಡುವುದು, ಇಷ್ಟಕ್ಕೆ ದಂಡೆಗೆ ಹೋಗಬೇಕು. ಹಳೆಯ ಮನೆಗಳ ಜಗಲಿ ಕೂಡ ರಸ್ತೆಗೋ ತೋಟಕ್ಕೋ ಮುಖ ಮಾಡಿರುತ್ತದೆ, ಸಮುದ್ರಕ್ಕೆ ಬೆನ್ನು. ಹಾಗಿರುವಾಗ ನಾನೂ ನನ್ನ ಹೆಂಡತಿಯೂ ಮಾಲ್ಡೀವ್ಸಿನ ಒಂದು ಪುಟ್ಟ ರೆಸಾರ್ಟಿಗೆ ಹೊರಟೆವು ಅಂದಾಗ ಪಕ್ಕದ ಮನೆಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಸಮುದ್ರದಲ್ಲಿ ಎಂತ ಇದ್ಯೋ ತಮಾ, ಇಲ್ಲಿ ಇಲ್ದಿದ್ದು?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಕೂತರೆ ಹೊತ್ತು ಮುಳುಗೀತು. ಮುಳುಗಲಿ, ನಿಮಗೇನೂ ಅವಸರವಿಲ್ಲವಲ್ಲ?

ಮೊದಲು ದೂರದ ಮಾತು. ಹೊನ್ನಾವರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ಇಡೀ ರಾತ್ರಿ ಬೇಕು. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಎರಡು ಗಂಟೆ. ಹಾಗಾದರೆ ಯಾವುದು ದೂರ? ನಕ್ಷೆ ಬಿಚ್ಚಿ ನೋಡಿ. ನಮ್ಮ ಕರಾವಳಿಯ ಎದುರಿಗೆ ಲಕ್ಷದ್ವೀಪ, ಅದರ ಬುಡಕ್ಕೆ ಮಿನಿಕಾಯ್, ಅಲ್ಲಿಂದ ಕೆಳಕ್ಕೆ ಎಂಟುನೂರು ಕಿಲೋಮೀಟರ್ ಉದ್ದಕ್ಕೂ ಮಾಲ್ಡೀವ್ಸ್. ಒಟ್ಟು ಸಾವಿರದ ಇನ್ನೂರರಷ್ಟು ದ್ವೀಪಗಳು, ಜನ ವಾಸ ಮಾಡುವುದು ಇನ್ನೂರರ ಆಸುಪಾಸಿನಲ್ಲಿ ಮಾತ್ರ. ಮಿನಿಕಾಯ್‌ನವರು ಆಡುವುದು ಮಾಲ್ಡೀವ್ಸಿನವರ ಭಾಷೆಯನ್ನೇ. ಲಕ್ಷದ್ವೀಪದ ಉತ್ತರದ ಅಮೀನಿದಿವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದು ಇವತ್ತು ಎಷ್ಟು ಜನರಿಗೆ ನೆನಪಿದೆ? ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನಿಂದ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನೆಲದ ಮೇಲೆ ನಡೆಯುವವರಿಗೆ ಅದು ಪರದೇಶ. ಹಾಯಿ ಕಟ್ಟಿ ಹೊರಟವರಿಗೆ ನೆರೆಮನೆ.

ಮಾಲೆಯ ವಿಮಾನ ನಿಲ್ದಾಣವೇ ಒಂದು ದ್ವೀಪ, ಅದರ ಹೆಸರು ಹುಲುಲೆ. ಅಲ್ಲಿಂದ ರೆಸಾರ್ಟಿಗೆ ಸ್ಪೀಡ್‌ಬೋಟಿನಲ್ಲಿ ಹೋಗಬಹುದು, ದೂರವಿದ್ದರೆ ಸೀಪ್ಲೇನ್. ನಮ್ಮದು ದೂರದ್ದು. ಈ ಸೀಪ್ಲೇನು ಹದಿನೈದು ಜನ ಹಿಡಿಸುವ ಪುಟ್ಟ ವಿಮಾನ, ಚಕ್ರದ ಬದಲು ಎರಡು ತೇಲುವ ತೊಟ್ಟಿಗಳು. ಹಗಲು ಮಾತ್ರ ಹಾರುತ್ತದೆ, ಏಕೆಂದರೆ ನೀರಿನ ಮೇಲೆ ಇಳಿಯುವವನಿಗೆ ಅಲೆ ಕಣ್ಣಿಗೆ ಕಾಣಬೇಕು. ನನಗೆ ಇಷ್ಟವಾದದ್ದು ಪೈಲಟ್. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಮೊಣಕಾಲವರೆಗೆ ಚಡ್ಡಿ, ಬರಿಗಾಲು! ಬರಿಗಾಲಿನಲ್ಲೇ ಪೆಡಲ್ ಒತ್ತುತ್ತಾನೆ, ಬರಿಗಾಲಿನಲ್ಲೇ ತೊಟ್ಟಿಯ ಮೇಲೆ ಇಳಿದು ವಿಮಾನವನ್ನು ಹಗ್ಗದಿಂದ ಕಟ್ಟಲು ಕೈ ಜೋಡಿಸುತ್ತಾನೆ. ಒದ್ದೆಯಾದ ತೊಟ್ಟಿಯ ಮೇಲೆ ಬೂಟು ಜಾರುತ್ತದೆ, ಪಾದ ಜಾರುವುದಿಲ್ಲ. ನಮ್ಮ ದೋಣಿಯವರೂ ಚಪ್ಪಲಿ ದಂಡೆಯಲ್ಲೇ ಬಿಡುವುದು ಇದಕ್ಕೇ ತಾನೆ? ವಿದ್ಯೆ ಎಷ್ಟೇ ಹೊಸದಾಗಲಿ, ನೀರಿನ ಹತ್ತಿರ ಬಂದಾಗ ಹಳೆಯ ಬುದ್ಧಿಗೇ ತಲೆಬಾಗಬೇಕು. ನನಗಂತೂ ಆ ಪೈಲಟ್ಟಿನ ಮೇಲೆ ಅವನ ಬರಿಗಾಲು ನೋಡಿಯೇ ಭರವಸೆ ಬಂತು.

ದ್ವೀಪದ ಜೆಟ್ಟಿಯ ಮೇಲೆ ಇಳಿದ ಕೂಡಲೇ ಕೈಗೆ ಎಳನೀರು. ಇದೇನು ಎಲ್ಲ ರೆಸಾರ್ಟಿನಲ್ಲೂ ಕೊಡುವುದೇ ಅಂತ ನೀವು ಅಂದೀರಿ. ತಡೆಯಿರಿ, ಈ ಎಳನೀರಿಗೆ ವಯಸ್ಸಾಗಿದೆ. ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ 1343ರಲ್ಲಿ ಮಾಲ್ಡೀವ್ಸಿಗೆ ಬಂದ. ಹಡಗು ದ್ವೀಪದ ಹತ್ತಿರ ಬರುತ್ತಲೇ ಸಣ್ಣ ದೋಣಿಗಳು ಎದುರುಗೊಳ್ಳುತ್ತಿದ್ದವಂತೆ, ಅವುಗಳಲ್ಲಿ ವೀಳ್ಯದೆಲೆ ಮತ್ತು ಎಳನೀರು. ದ್ವೀಪದವನೊಬ್ಬ ಹಡಗಿನಲ್ಲಿ ತನಗೆ ಮನಸ್ಸಿಗೆ ಬಂದವನ ಕೈಗೆ ಅದನ್ನು ಕೊಟ್ಟರೆ ಮುಗಿಯಿತು, ಆ ಪಯಣಿಗ ಅಲ್ಲಿಂದಾಚೆ ಅವನ ಮನೆಯ ಅತಿಥಿ. ನೋಡಿ, ಅತಿಥಿ ಮನೆಯನ್ನು ಹುಡುಕುವ ಪದ್ಧತಿ ಇಲ್ಲ, ಮನೆಯವನೇ ಅತಿಥಿಯನ್ನು ಆರಿಸಿಕೊಳ್ಳುತ್ತಾನೆ! ನನ್ನ ಕೈಗೆ ಎಳನೀರು ಕೊಟ್ಟ ಹುಡುಗಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ, ಕೊಟ್ಟ ರೀತಿಯಲ್ಲಿ ಮಾತ್ರ ಆ ಹಳೆಯ ಮರ್ಯಾದೆ ಇತ್ತು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಇಬ್ನ್ ಬತೂತನ ಹೆಸರೆತ್ತಿದ ಮೇಲೆ ಹೊನ್ನಾವರಕ್ಕೆ ಹೋಗದೆ ಗತಿಯಿಲ್ಲ. ಮಾಲ್ಡೀವ್ಸಿಗೆ ಹೋಗುವ ಮೊದಲು ಅವನು ನಮ್ಮ ಊರಿಗೆ ಬಂದಿದ್ದ, ಇದ್ದು ಹೋಗಿದ್ದ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವು ಎಂದು ಬರೆದಿಟ್ಟಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆ, ಅದೂ ನಮ್ಮ ಶರಾವತಿಯ ಬಾಯಲ್ಲಿ! ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನಂತೂ ಅವನು ಪಂಕ್ತಿಯಲ್ಲಿ ಕೂತು ಉಂಡವನ ಹಾಗೆಯೇ ವರ್ಣಿಸುತ್ತಾನೆ. ಮೊದಲು ಅನ್ನ, ಅನ್ನದ ಮೇಲೆ ತುಪ್ಪ, ಪಕ್ಕಕ್ಕೆ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ. ಕೊನೆಗೆ ಮೊಸರು, ಮೊಸರು ಬಂತೆಂದರೆ ಊಟ ಮುಗಿಯಿತು ಅಂತ ಅರ್ಥ. ಹೇಳಿ, ಈ ಊಟದಲ್ಲಿ ಇವತ್ತಿಗೂ ಏನು ಬದಲಾಗಿದೆ? ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅಲ್ಲಿ ಅನ್ನ ತಿಂದೆ, ಆಮೇಲೆ ಮಾಲ್ಡೀವ್ಸು ಸಿಂಹಳ ಮಲಬಾರು ಅಂತ ಮೂರು ವರ್ಷ ಅನ್ನವನ್ನೇ ತಿಂದೆ, ಕೊನೆಕೊನೆಗೆ ನೀರು ಕುಡಿದು ಅದನ್ನು ಗಂಟಲಿಗೆ ಇಳಿಸಬೇಕಾಯಿತು ಎಂದು ಬೇರೆ ಬರೆದಿದ್ದಾನೆ. ಗೋಧಿಯ ನಾಡಿನವನು, ಪಾಪ. ಮಾಲ್ಡೀವ್ಸಿನಲ್ಲಿ ಅವನನ್ನು ಕಾಜಿಯನ್ನಾಗಿ ಮಾಡಿದರು, ಮದುವೆಗಳೂ ಆದವು, ಅಲ್ಲಿಯ ಹೆಂಗಸರ ಉಡುಗೆಯನ್ನು ಬದಲಿಸಲು ಹೊರಟು ಅದು ಆಗದೆ, ವಜೀರನ ಜೊತೆ ಮನಸ್ತಾಪವೂ ಆಗಿ, 1344ರಲ್ಲಿ ಹೊರಟು ಹೋದ. ಅದು ಬೇರೆ ಕಥೆ.

ನಾವು ಎಲ್ಲಿದ್ದೆವು? ಎಳನೀರು. ಹೌದು, ಕುಡಿದೆವು, ಕೋಣೆಗೆ ಬಂದೆವು. ಕೋಣೆಯ ವೈಭೋಗವನ್ನು ನಾನು ಹೆಚ್ಚು ಹೇಳಲಾರೆ, ಮೆತ್ತನೆಯ ಹಾಸಿಗೆ ಎಲ್ಲಿ ಹೋದರೂ ಮೆತ್ತಗೇ ಇರುತ್ತದೆ. ಎರಡು ಸಂಗತಿ ಮಾತ್ರ ಹೇಳಬೇಕು. ಒಂದು, ಬಚ್ಚಲಿಗೆ ಮಾಡು ಇಲ್ಲ. ತಲೆ ಎತ್ತಿದರೆ ತೆಂಗಿನ ಗರಿ, ಅದರಾಚೆ ನಕ್ಷತ್ರ. ಇನ್ನೊಂದು, ಮುಂದೆ ಒಂದು ಜಗಲಿ, ಜಗಲಿಯಿಂದ ಮೂರು ಮೆಟ್ಟಿಲು, ಮೆಟ್ಟಿಲ ಕೆಳಗೆ ಮರಳು, ಮರಳಿನಾಚೆ ನೀರು. ಇಷ್ಟೇ. ಸಣ್ಣ ರೆಸಾರ್ಟು ಅಂದೆನಲ್ಲ, ದ್ವೀಪವನ್ನು ಪೂರ್ತಿ ಸುತ್ತಿ ಬರಲು ನಮ್ಮ ನಿಧಾನದ ಕಾಲಿಗೂ ಅರ್ಧ ಗಂಟೆ ಸಾಕಾಗುತ್ತಿತ್ತು. ಕಟ್ಟಡಗಳೆಲ್ಲ ತೆಂಗಿನ ತಲೆಗಿಂತ ಕೆಳಗೆ. ದೋಣಿಯಿಂದ ನೋಡಿದರೆ ಬರೀ ತೋಪು ಕಾಣುತ್ತದೆ, ಒಳಗೆ ಮನೆಗಳಿರುವುದು ತಿಳಿಯುವುದೇ ಇಲ್ಲ. ದೊಡ್ಡ ಹೋಟೆಲಿನಲ್ಲಿ ನಾವು ಕೋಣೆಯ ನಂಬರಾಗುತ್ತೇವೆ. ಇಲ್ಲಿ ಎರಡನೆಯ ದಿನಕ್ಕೇ ನನ್ನ ಹೆಂಡತಿಗೆ ಚಹಾಕ್ಕೆ ಸಕ್ಕರೆ ಕಮ್ಮಿ ಎಂಬುದು ಇಡೀ ದ್ವೀಪಕ್ಕೆ ಗೊತ್ತಾಗಿತ್ತು. ಶ್ರೀಮಂತಿಕೆ ಅನ್ನುವುದಾದರೆ ನಾನು ಇದನ್ನೇ ಅನ್ನುತ್ತೇನೆ.

ಆ ಮರಳಿನ ವಿಷಯ ಹೇಳಲೇಬೇಕು. ನಡುಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಭೂಮಧ್ಯರೇಖೆಗೆ ಕೂಗಳತೆ. ಆದರೂ ಪಾದ ಸುಡುವುದಿಲ್ಲ. ನಮ್ಮ ಕಾಸರಕೋಡಿನ ಮರಳಿನ ಮೇಲೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಓಡಿದವರಿಗೆ ಇದು ಪವಾಡವೇ. ನಮ್ಮ ಮರಳು ಘಟ್ಟದ ಕಲ್ಲು ಸವೆದು ಹೊಳೆಯಲ್ಲಿ ಇಳಿದು ಬಂದದ್ದು. ಮಾಲ್ಡೀವ್ಸಿನಲ್ಲಿ ಘಟ್ಟವೂ ಇಲ್ಲ, ಹೊಳೆಯೂ ಇಲ್ಲ. ಅಲ್ಲಿಯ ಮರಳು ಹವಳದ ಪುಡಿ, ಸುಣ್ಣ. ಬೆಳ್ಳಗಿರುವುದರಿಂದ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಸರಿ, ಹವಳವನ್ನು ಪುಡಿ ಮಾಡಿದವರು ಯಾರು? ಅಲೆ ಅಂತ ನಾನು ಅಂದುಕೊಂಡಿದ್ದೆ. ಅಲೆಗಿಂತ ಹೆಚ್ಚಿನ ಕೆಲಸ ಮಾಡಿದ್ದು ಗಿಳಿಮೀನು. ಹಸಿರು, ನೀಲಿ, ಗುಲಾಬಿ ಬಣ್ಣದ ಮೀನು. ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡು ಗಿಳಿಯ ಕೊಕ್ಕೇ ಆಗಿವೆ. ಅದು ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಪಾಚಿಯ ಜೊತೆ ಕಲ್ಲೂ ಹೊಟ್ಟೆಗೆ ಹೋಗುತ್ತದೆ, ಗಂಟಲಿನಲ್ಲಿರುವ ಇನ್ನೊಂದು ಸಾಲು ಹಲ್ಲು ಅದನ್ನು ಅರೆಯುತ್ತದೆ, ಹಿಂದಿನಿಂದ ಬಿಳಿಯ ಮರಳಾಗಿ ಹೊರಬರುತ್ತದೆ. ವಕ್ಕಾರು ಎಂಬ ದ್ವೀಪದ ಸುತ್ತ ಅಳೆದು ನೋಡಿದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಈ ಮೀನಿನದೇ. ಅಂದರೆ ಮೀನಿಲ್ಲದಿದ್ದರೆ ದಂಡೆಯಿಲ್ಲ, ದಂಡೆಯಿಲ್ಲದಿದ್ದರೆ ರೆಸಾರ್ಟೂ ಇಲ್ಲ.

ಕನ್ನಡಕ ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿ, ನೀರಿಗೆ ಮುಖ ಹಾಕಿ ತೇಲಿದಾಗ ಆ ಮೀನನ್ನು ಕಾಣುವ ಮೊದಲೇ ಅದರ ಊಟ ಕೇಳಿಸುತ್ತದೆ. ಕರ್, ಕರ್, ಕರ್. ಯಾರೋ ಪಕ್ಕದಲ್ಲಿ ಕೂತು ಹುರಿಗಡಲೆ ಅಗಿದ ಹಾಗೆ. ಸದ್ದು ಬಂದ ಕಡೆ ತಿರುಗಿದರೆ ಮೊಳದುದ್ದದ ನೀಲಿ ಮೀನು ಕಲ್ಲಿಗೆ ಕೊಕ್ಕು ಹಾಕಿ ಕೆರೆಯುತ್ತಿದೆ, ಕೆರೆದ ಜಾಗದಲ್ಲಿ ಬಿಳಿಯ ಗೀರು. ನೋಡುತ್ತಿದ್ದ ಹಾಗೆಯೇ ಸ್ವಲ್ಪ ಮುಂದೆ ಹೋಗಿ, ಬಾಲದ ಬುಡದಿಂದ ಬಿಳಿಯ ಮೋಡವೊಂದನ್ನು ಬಿಟ್ಟು ಸಾಗಿತು. ಮೋಡ ನಿಧಾನಕ್ಕೆ ತಳಕ್ಕೆ ಕೂತಿತು. ಒಂದು ಹಿಡಿ ದ್ವೀಪ ನನ್ನ ಕಣ್ಣೆದುರೇ ತಯಾರಾಯಿತು! ಈ ಜಾತಿಯ ಕೆಲವು ಮೀನುಗಳು ರಾತ್ರಿ ತಮ್ಮದೇ ಲೋಳೆಯ ಸೊಳ್ಳೆಪರದೆ ಕಟ್ಟಿಕೊಂಡು ಒಳಗೆ ಮಲಗುತ್ತವೆ ಎಂದು ಅಲ್ಲಿಯ ಜೀವಶಾಸ್ತ್ರದ ಹುಡುಗಿ ಹೇಳಿದಳು. ಅದನ್ನು ನೋಡಲು ರಾತ್ರಿ ನೀರಿಗಿಳಿಯಬೇಕು, ಹೆಂಡತಿ ಬಿಡಲಿಲ್ಲ. ದಂಡೆಯ ಮೊಣಕಾಲುದ್ದದ ನೀರಿನಲ್ಲಿ ಶಾರ್ಕಿನ ಮರಿಗಳು ಓಡಾಡುವುದನ್ನು ಅವಳು ಬೆಳಿಗ್ಗೆಯೇ ನೋಡಿಬಿಟ್ಟಿದ್ದಳು. ರೆಕ್ಕೆಯ ತುದಿಗೆ ಕಪ್ಪು ಬೊಟ್ಟು ಇರುವ ಸಾಧು ಮರಿಗಳು, ಮನುಷ್ಯರನ್ನು ಕಂಡರೆ ಅವೇ ಓಡುತ್ತವೆ. ಮಾಲ್ಡೀವ್ಸಿನವರು 2010ರಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿದ್ದರು. ಎಷ್ಟು ಹೇಳಿದರೂ "ಮರಿ ಇದ್ದ ಮೇಲೆ ತಾಯಿ ಇರಲ್ವೇನ್ರೀ?" ಅಂದಳು. ಇದಕ್ಕೆ ಯಾವ ವಿಜ್ಞಾನ ಉತ್ತರ ಹೇಳುತ್ತದೆ?

ಅವಳು ಮೈಸೂರಿನ ಕಡೆಯವಳು, ಮೀನು ಮುಟ್ಟುವುದಿಲ್ಲ. ಸಮುದ್ರದ ನಡುವಿನ ದ್ವೀಪದಲ್ಲಿ ಏನು ತಿನ್ನುತ್ತಾಳೋ ಎಂಬ ಚಿಂತೆ ನನಗಿತ್ತು. ಮೊದಲ ಬೆಳಿಗ್ಗೆಯೇ ಅದು ತೀರಿತು. ನಾವಿಬ್ಬರೂ ಮಾತಾಡುವುದನ್ನು ಕೇಳಿಸಿಕೊಂಡ ಬಡಿಸುವ ಹುಡುಗ ಹತ್ತಿರ ಬಂದು, "ನೀವ್ ಹೊನ್ನಾವರದ್ ಬದಿಯರಾ?" ಅಂದ. ಕುಂದಾಪುರದವನು! "ಅಮ್ಮಂಗೆ ಎಂತ ಬೇಕ್ ಹೇಳಿ, ನಾ ಒಳ್ಗ್ ಹೇಳಿ ಮಾಡಿಸ್ತೆ." ಆಮೇಲೆ ಅವಳಿಗೆ ದಿನಾ ಬಿಸಿ ಅನ್ನ, ತಿಳಿಸಾರು, ಗಟ್ಟಿ ಮೊಸರು. ಭೂಮಿಯ ಮೇಲೆ ಹೋಟೆಲು ಇರುವ ಕಡೆ ಕುಂದಾಪುರದವರು ಇರುತ್ತಾರೆ, ಇದನ್ನು ಭೂಗೋಳದ ಪುಸ್ತಕದಲ್ಲೇ ಸೇರಿಸಬೇಕು. ನನಗೆ ಅವನು ತಂದಿಟ್ಟದ್ದು ಮಾಸ್ ಹುನಿ. ಅದು ಅಲ್ಲಿಯ ಮನೆಮನೆಯ ಬೆಳಗಿನ ತಿಂಡಿ: ಹೊಗೆಯಲ್ಲಿ ಹದಮಾಡಿದ ಟ್ಯೂನಾ ಮೀನನ್ನು ಎಳೆಎಳೆ ಬಿಡಿಸಿ, ಹಸಿ ತೆಂಗಿನತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಉಪ್ಪು, ನಿಂಬೆರಸ ಹಾಕಿ ಕೈಯಲ್ಲೇ ಕಲೆಸುವುದು, ತೆಳ್ಳಗಿನ ರೊಟ್ಟಿಯ ಜೊತೆ ತಿನ್ನುವುದು. ಕಾಂಟಿನೆಂಟಲ್ ತಿಂಡಿಗಳ ದೊಡ್ಡ ಮೇಜು ಅಲ್ಲೇ ಇತ್ತು. ನಾನು ಆ ಕಡೆ ತಲೆ ಹಾಕಲಿಲ್ಲ.

ಆ ಟ್ಯೂನಾವನ್ನು ಅಲ್ಲಿಯವರು ಬಲೆ ಬೀಸಿ ಹಿಡಿಯುವುದಿಲ್ಲ. ಜೀವಂತ ಸಣ್ಣ ಮೀನನ್ನು ನೀರಿಗೆ ಎರಚಿ, ಸಾಲಾಗಿ ನಿಂತು, ಕೋಲಿನ ಗಾಳದಲ್ಲಿ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಆಮೇಲೆ ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗಿಟ್ಟು ಒಣಗಿಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಕತ್ತಿಯಿಂದ ಕೆತ್ತಿ ಸಾರಿಗೆ ಹಾಕುವುದು. ಹಳೆಯ ಕಾಲದಲ್ಲಿ ಈ ಒಣಮೀನು, ತೆಂಗಿನ ನಾರಿನ ಹಗ್ಗ, ಮತ್ತು ಕವಡೆ, ಈ ಮೂರು ಸರಕಿನ ಮೇಲೆ ಆ ದೇಶ ನಿಂತಿತ್ತು. ಮೊಳೆ ಬಳಸದೆ ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರಲ್ಲ, ಆ ಹುರಿ ಅಲ್ಲಿಂದ ದೂರದೂರಕ್ಕೆ ಹೋಗುತ್ತಿತ್ತು.

ಕವಡೆ! ಅದಕ್ಕೇ ಕಾಯುತ್ತಿದ್ದೆ. ನಮ್ಮಲ್ಲಿ ಕವಡೆ ಕಾಸಿಗೆ ಕಿಮ್ಮತ್ತಿಲ್ಲ. ಆದರೆ ಯಲ್ಲಮ್ಮನ ಜೋಗತಿಯ ಕೊರಳಲ್ಲಿ ಕವಡೆ ಸರ, ಮೈಲಾರಲಿಂಗನ ಗೊರವರ ಮೈಮೇಲೆ ಕವಡೆ, ಭವಿಷ್ಯ ಹೇಳುವವರ ಮುಂದೆ ಕವಡೆ. ಕಡಲನ್ನೇ ಕಾಣದ ಸವದತ್ತಿಯ ಗುಡ್ಡಕ್ಕೆ ಕಡಲಿನ ಹುಳುವಿನ ಚಿಪ್ಪು ಹೇಗೆ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? ಎಲ್ಲವೂ ಮಾಲ್ಡೀವ್ಸಿನದೇ ಅಂತ ನಾನು ಹಟ ಹಿಡಿಯುವುದಿಲ್ಲ, ಆದರೆ ಶತಮಾನಗಳ ಕಾಲ ಕವಡೆಯ ವ್ಯಾಪಾರಕ್ಕೆ ದೊಡ್ಡ ಗಣಿ ಆ ದ್ವೀಪಗಳೇ. ತೆಂಗಿನ ಗರಿಗಳನ್ನು ಕಟ್ಟಿ ಆಳವಿಲ್ಲದ ನೀರಿನಲ್ಲಿ ತೇಲಿಬಿಟ್ಟರೆ ಹುಳುಗಳು ಬಂದು ಅಂಟಿಕೊಳ್ಳುತ್ತವೆ. ಅವನ್ನು ಹೊಂಡದಲ್ಲಿ ಹಾಕಿದರೆ ಮಾಂಸ ಕೊಳೆತು ಹೋಗಿ ಬೆಳ್ಳನೆಯ ಚಿಪ್ಪು ಉಳಿಯುತ್ತದೆ. ಇಬ್ನ್ ಬತೂತ ರೇಟು ಸಮೇತ ಬರೆದಿದ್ದಾನೆ: ಮಾಲ್ಡೀವ್ಸಿನಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಬೆಲೆ ಬಿದ್ದಾಗ ಇನ್ನೂ ಹೆಚ್ಚು. ಅದೇ ಕವಡೆ ಆಫ್ರಿಕದ ಮಾಲಿಯಲ್ಲಿ ದಿನಾರಿಗೆ 1,150. ಎಷ್ಟು ಕೈ ಬದಲಾಗಿ, ಎಷ್ಟು ಮರಳುಗಾಡು ದಾಟಿ ಹೋಗಿರಬೇಕು! ಬಂಗಾಳದವರು ಅಕ್ಕಿ ತಂದುಕೊಟ್ಟು ಕವಡೆ ಒಯ್ಯುತ್ತಿದ್ದರು, ಅಲ್ಲಿ ಅದೇ ನಾಣ್ಯ.

ನನ್ನ ಹೆಂಡತಿ ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಪುಟ್ಟ ಗಂಟು ಇರುತ್ತದೆ, ಅದರಲ್ಲಿ ಅವಳ ಅಜ್ಜಿ ಕೊಟ್ಟ ನಾಲ್ಕು ಕವಡೆ. ಚೌಕಾಬಾರಾ ಆಡುವುದಕ್ಕೆ. ಹೋಟೆಲಿನ ಕಾಗದದ ಮೇಲೆ ಐದೈದು ಮನೆ ಬರೆದು ಜಗಲಿಯಲ್ಲಿ ಇಬ್ಬರೂ ಕೂತೆವು. ಕಾಯಿಗೆ ಅವಳದು ಹುಣಸೆಬೀಜ (ಅದೂ ಗಂಟಿನಲ್ಲಿತ್ತು), ನನ್ನದು ದಂಡೆಯಲ್ಲಿ ಆರಿಸಿದ ಹವಳದ ಚೂರು, ಆಟ ಮುಗಿದ ಮೇಲೆ ದಂಡೆಗೇ ವಾಪಸ್. ಪಕ್ಕದ ವಿಲ್ಲಾದ ಜರ್ಮನ್ ದಂಪತಿಗಳು ಬಂದು ನಿಂತರು, ಆಮೇಲೆ ಕೂತರು, ಆಮೇಲೆ ಆಡಿದರು. ನಾಲ್ಕೂ ಬೋರಲು ಬಿದ್ದರೆ ಎಂಟು, ಮತ್ತೊಂದು ಆಟ ಎಂಬುದನ್ನು ಆ ಹೆಂಗಸು ಎಷ್ಟು ಬೇಗ ಕಲಿತಳೆಂದರೆ, ಸಂಜೆಯ ಹೊತ್ತಿಗೆ ನನ್ನ ಹೆಂಡತಿಯ ಎರಡು ಕಾಯಿ ಹೊಡೆದಿದ್ದಳು. ಭಾಷೆ? ಕವಡೆ ಕುಲುಕುವುದಕ್ಕೆ ಭಾಷೆ ಯಾಕೆ?

ಒಂದು ದಿನ ಮೀನು ಹಿಡಿಯುವುದನ್ನು ನೋಡಲು ದೋಣಿಯಲ್ಲಿ ಹೋದೆವು. ದೋಣಿ ನಡೆಸುವವರು ಮಾಲ್ಡೀವ್ಸಿನ ಹಿರಿಯರು, ಹಿಂದಿ ಸಿನಿಮಾ ನೋಡಿಯೇ ಕಲಿತ ಹಿಂದಿ, ನಮ್ಮದಕ್ಕಿಂತ ಚೆನ್ನಾಗಿತ್ತು. ಡಿಸೆಂಬರ್ ನಡುವಿನ ದಿನಗಳು. ಬೆಳಗಿನಿಂದ ಈಶಾನ್ಯದ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಅವರು ಗಾಳಿಗೆ ಮುಖವೊಡ್ಡಿ, "ಮೂಲ ಬಂತು, ಇನ್ನು ಮಳೆಗಾಲ ಮುಗೀತು" ಅಂದರು. ಹೆಂಡತಿ ತಟ್ಟನೆ ತಿರುಗಿದಳು. "ರೀ, ಮೂಲ ಅಂದ್ರಾ? ಈಗ ಧನುರ್ಮಾಸ ಶುರುವಾಗೋ ಹೊತ್ತು ಅಲ್ವಾ!" ಹೌದು. ಸೂರ್ಯ ಮೂಲಾ ನಕ್ಷತ್ರಕ್ಕೆ ಬಂದಾಗಲೇ ನಮಗೆ ಧನುರ್ಮಾಸ. ಅವರನ್ನು ಮಾತಿಗೆ ಎಳೆದೆವು. ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ 27 ಭಾಗ ಮಾಡಿಕೊಂಡಿದ್ದಾರೆ, ಅದಕ್ಕೆ ನಕೈ ಅನ್ನುತ್ತಾರೆ. ನೈರುತ್ಯ ಮಾರುತದ ಕಾಲಕ್ಕೆ ಹದಿನೆಂಟು, ಈಶಾನ್ಯದ್ದಕ್ಕೆ ಒಂಬತ್ತು. ಈ ಒಂಬತ್ತು ಶುರುವಾಗುವುದೇ ಮೂಲದಿಂದ. ಅವರು ಬೆರಳು ಮಡಚುತ್ತ ಏಪ್ರಿಲ್‌ನಿಂದ ಹೇಳುತ್ತ ಹೋದರು: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ. ಇವಳು ಈ ಕಡೆಯಿಂದ ಬೆರಳು ಮಡಚುತ್ತ ಹೋದಳು: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ. ಇಬ್ಬರೂ ಸೇರಿ ರೇವತಿಯವರೆಗೆ ಹೋದರು, ಒಂದೂ ತಪ್ಪಲಿಲ್ಲ. ತಾರೀಕಿನಲ್ಲಿ ಒಂದು ವಾರ ಆಚೀಚೆ, ಅಷ್ಟೇ. ಎಂಟುನೂರು ವರ್ಷಗಳಿಂದ ಮುಸಲ್ಮಾನರಾಗಿರುವ ಜನ, ಕೃತ್ತಿಕೆ ರೋಹಿಣಿ ನೋಡಿ ದೋಣಿ ಬಿಡುತ್ತಾರೆ. ನಮ್ಮ ರೈತ ಅದೇ ಕೃತ್ತಿಕೆ ರೋಹಿಣಿ ನೋಡಿ ಬೀಜ ಬಿತ್ತುತ್ತಾನೆ. ಅದೇ ಮಳೆ ಅವರನ್ನು ಹಾದು ನಮ್ಮಲ್ಲಿಗೆ ಬರುತ್ತದೆ, ನಕ್ಷತ್ರ ಬೇರೆಯಾಗುವುದಾದರೂ ಹೇಗೆ?

"ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಎಂಬ ನಮ್ಮ ಗಾದೆಯನ್ನು ಹಿಂದಿಯಲ್ಲಿ ಹೇಳಲು ನಾನು ಬಹಳ ಒದ್ದಾಡಿದೆ. ಹಿರಿಯರಿಗೆ ಕೂಡಲೇ ಅರ್ಥವಾಯಿತು. ಯಾವ ನಕೈಯಲ್ಲಿ ಮೀನು ಎಲ್ಲಿಗೆ ಹೋಗುತ್ತದೆ, ಯಾವುದರಲ್ಲಿ ಗಿಡ ನೆಡಬಹುದು, ಯಾವುದರ ಮೊದಲ ದಿನ ಬಿರುಗಾಳಿ ಎದ್ದರೆ ಮುಂದಿನ ದಿನ ಹೇಗೆ ಎಂದೆಲ್ಲ ಹೇಳುತ್ತ ಕೂತರು. ನೋಡಬೇಕಿದ್ದ ಮೀನು ಹಿಡಿಯುವ ಆಟ ಹಿಂದೆಯೇ ಉಳಿಯಿತು. ಯಾರಿಗೂ ಬೇಸರವಾಗಲಿಲ್ಲ. ಅವರು ನಮ್ಮ ಪಂಚಾಂಗದ ಬಗ್ಗೆ ಕೇಳಿದ್ದಕ್ಕೆಲ್ಲ ಇವಳು ಉತ್ತರ ಕೊಟ್ಟಳು, ನಾನು ನಡುವೆ ದುಭಾಷಿಯಾದೆ.

ರೆಸಾರ್ಟಿನ ಹಿಂಬದಿಯನ್ನೂ ನೋಡಬೇಕು, ನೋಡದೆ ಬರಬಾರದು ಎಂದು ನನ್ನ ಅಭಿಪ್ರಾಯ. ಕೇಳಿದರೆ ತೋರಿಸುತ್ತಾರೆ. ದ್ವೀಪದ ನಡುವೆ, ಮರಗಳ ಮರೆಯಲ್ಲಿ, ಜನರೇಟರುಗಳು ಹಗಲಿರುಳು ಓಡುತ್ತವೆ. ಬಿಸಿಲಿನ ಫಲಕಗಳೂ ಇವೆ. ಪಕ್ಕದಲ್ಲಿ ಕಡಲ ನೀರಿನ ಉಪ್ಪು ತೆಗೆಯುವ ಯಂತ್ರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಸಿಕೊಳ್ಳುವ ನಮಗೆ, ಕುಡಿಯುವ ಒಂದೊಂದು ಲೋಟವನ್ನೂ ಯಂತ್ರದಿಂದ ಹಿಂಡಿ ತೆಗೆಯಬೇಕು ಅಂದರೆ ಎದೆ ಹಿಂಡುತ್ತದೆ. ಅದನ್ನು ನೋಡಿ ಬಂದ ಮೇಲೆ ನಾನು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ನಿಲ್ಲಲಿಲ್ಲ. ಈರುಳ್ಳಿ, ಆಲೂಗಡ್ಡೆ, ಅಕ್ಕಿ, ಮೊಟ್ಟೆ ಎಲ್ಲ ಹೊರಗಿನಿಂದಲೇ ಬರಬೇಕು. 1981ರ ಒಪ್ಪಂದದಿಂದ ಹಿಡಿದು ಭಾರತ ಇವನ್ನು ಅವರಿಗೆಂದು ತೆಗೆದಿಡುತ್ತ ಬಂದಿದೆ. ನಮ್ಮಲ್ಲಿ ರಫ್ತು ನಿಲ್ಲಿಸಿದ ವರ್ಷಗಳಲ್ಲೂ ಅವರ ಪಾಲನ್ನು ಕಳಿಸಿದೆ. ಮಾಸ್ ಹುನಿಯ ಈರುಳ್ಳಿ ನಮ್ಮ ನೆಲದ್ದೇ ಇದ್ದೀತು!

ಬೆಳಗಿನ ಜಾವ ಎದ್ದರೆ ಇನ್ನೊಂದು ಕಾಣುತ್ತದೆ. ಕತ್ತಲು ಹರಿಯುವ ಮೊದಲೇ ಬಾಂಗ್ಲಾದೇಶದ ಆಳೊಬ್ಬ ಉದ್ದ ಹಿಡಿಕೆಯ ಹಲ್ಲುಗೋಲು ಹಿಡಿದು ಮರಳನ್ನು ಬಾಚುತ್ತಾನೆ, ರಾತ್ರಿ ಬಿದ್ದ ಎಲೆ ಒಂದೂ ಇರುವುದಿಲ್ಲ. ಬಾಚಿದ ಗೆರೆಗಳ ಮೇಲೆ ಮೊದಲು ನಡೆಯುವುದು ಶಂಖದೊಳಗಿನ ಏಡಿ, ಎರಡನೆಯದು ಬೂದು ಬಣ್ಣದ ಕೊಕ್ಕರೆ, ಆಮೇಲೆ ನಾವು. ಒಂದು ಕಾಲಕ್ಕೆ ಅವನ ಊರಿನಿಂದ ಅಕ್ಕಿ ಬಂದು ಕವಡೆ ಹೋಗುತ್ತಿತ್ತು, ಈಗ ಅವನೇ ಬಂದಿದ್ದಾನೆ, ಅವನ ಸಂಬಳ ಊರಿಗೆ ಹೋಗುತ್ತದೆ. ಮಗಳ ಫೋಟೊ ತೋರಿಸಿದ, ಶಾಲೆಯ ಸಮವಸ್ತ್ರದಲ್ಲಿದ್ದಳು. ನಾವು ಅನುಭವಿಸುವ ನಿಶ್ಶಬ್ದವನ್ನು ಯಾರೋ ನಾಲ್ಕು ಗಂಟೆಗೆ ಎದ್ದು ತಯಾರಿಸಿರುತ್ತಾರೆ. ಅವರ ಮುಖ ನೋಡಿ ನಾಲ್ಕು ಮಾತಾಡದೆ ಬಂದರೆ ಆ ನಿಶ್ಶಬ್ದಕ್ಕೆ ಬೆಲೆ ಕೊಟ್ಟ ಹಾಗಾಗುವುದಿಲ್ಲ.

ಈ ರೆಸಾರ್ಟುಗಳೆಲ್ಲ ಶುರುವಾದದ್ದು 1972ರಲ್ಲಿ, ಕುರುಂಬಾ ಎಂಬಲ್ಲಿ 30 ಕೋಣೆಗಳಿಂದ, ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಎಂಬ ಪದ್ಧತಿ ಆಮೇಲೆ ಬೆಳೆಯಿತು. 2009ರಿಂದ ಜನವಸತಿಯ ದ್ವೀಪಗಳಲ್ಲೂ ಸಣ್ಣ ಅತಿಥಿಗೃಹ ತೆರೆಯಬಹುದು. ದುಡ್ಡು ಊರಿನ ಮನೆಗಳಿಗೂ ಇಳಿಯಿತು, ಅದು ಬಹಳ ಒಳ್ಳೆಯದಾಯಿತು. ಅದೇ 2009ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ನಶೀದ್ ಮತ್ತು ಮಂತ್ರಿಗಳು ಸಮುದ್ರದ ತಳದಲ್ಲಿ ಕೂತು ಸಭೆ ನಡೆಸಿದ್ದನ್ನು ನೀವು ಪೇಪರಿನಲ್ಲಿ ನೋಡಿರಬಹುದು. ನಗುವ ವಿಷಯವಾಗಿರಲಿಲ್ಲ. ದೇಶದ ಹೆಚ್ಚಿನ ನೆಲ ಕಡಲಿಗಿಂತ ಒಂದು ಆಳಿನಷ್ಟೂ ಎತ್ತರವಿಲ್ಲ. 1998ರಲ್ಲಿ ನೀರು ಬಿಸಿಯಾಗಿ ಹವಳಗಳು ಬೆಳ್ಳಗಾಗಿ ಸತ್ತವು, ಚೇತರಿಸಿಕೊಂಡವು, 2016ರಲ್ಲಿ ಮತ್ತೆ ಅದೇ. ಜೀವಶಾಸ್ತ್ರದ ಹುಡುಗಿ ನೀರಿನಡಿ ಕಬ್ಬಿಣದ ಚೌಕಟ್ಟುಗಳಿಗೆ ಹವಳದ ತುಂಡು ಕಟ್ಟಿ ಬೆಳೆಸುತ್ತಿದ್ದಾಳೆ. ನಾನೂ ಒಂದು ತುಂಡು ಕಟ್ಟಿದೆ. ಕೈ ನಡುಗುತ್ತಿತ್ತು, ಅವಳು ಗಂಟನ್ನು ಬಿಗಿ ಮಾಡಿಕೊಟ್ಟಳು. ಆ ತುಂಡು ಬದುಕಲಿ ಅಂತ ನಾನು ಈಗಲೂ ಹಾರೈಸುತ್ತೇನೆ. ಅದು ಬದುಕಿದರೆ ಗಿಳಿಮೀನು, ಗಿಳಿಮೀನಿದ್ದರೆ ಮರಳು, ನಿಮಗೆ ಗೊತ್ತೇ ಇದೆಯಲ್ಲ.

ಹತ್ತಿರದ ಊರಿನ ದ್ವೀಪಕ್ಕೆ ಒಂದು ಸಂಜೆ ಹೋಗಿದ್ದೆವು. ದಕ್ಕೆಯ ಹತ್ತಿರ ಕೊಳವೆಯ ಚೌಕಟ್ಟಿಗೆ ಹಗ್ಗದ ಬಲೆ ಕಟ್ಟಿದ ಕುರ್ಚಿಗಳ ಸಾಲು, ಜೋಲಿ ಅನ್ನುತ್ತಾರೆ. ಊರಿನ ಗಂಡಸರು ಹೆಂಗಸರು ಎಲ್ಲ ಸಂಜೆ ಅಲ್ಲಿ ಕಾಲು ಇಳಿಬಿಟ್ಟು ಕೂತು ಹರಟುತ್ತಾರೆ. ಅಬ್ಬ, ಎಂಥ ಕುರ್ಚಿ! ಬೆನ್ನಿಗೆ ಗಾಳಿ, ಸೊಂಟಕ್ಕೆ ಆರಾಮ. ರೆಸಾರ್ಟಿನ ಬೆಲೆಬಾಳುವ ಆಸನಗಳಲ್ಲಿ ಕೂರುವಾಗ ನನಗೆ ನಿದ್ದೆ ಬರುತ್ತಿತ್ತು, ಇಲ್ಲಿ ಮಾತು ಬಂತು. ನಿಮ್ಮಲ್ಲಿ ತೆಂಗಿನಕಾಯಿಗೆ ಎಷ್ಟು, ಮಗ ಏನು ಮಾಡುತ್ತಾನೆ, ಬೆಂಗಳೂರಿನ ಯಾವ ಆಸ್ಪತ್ರೆ ಕಣ್ಣಿಗೆ ಒಳ್ಳೆಯದು. ಒಬ್ಬಾಕೆ ನನ್ನ ಹೆಂಡತಿಗೆ ಹುರಿದ ಹಲಸಿನ ಚಿಪ್ಸಿನಂಥದ್ದು ಕೊಟ್ಟರು. ತಿಂದು ನೋಡಿದರೆ ಜೀಗುಜ್ಜೆಯದು. ಮಾಸ್ ಹುನಿ ಮಾಡುವ ಕ್ರಮವನ್ನೂ ನಾನು ಕೇಳಿಕೊಂಡದ್ದು ಆಕೆಯಿಂದಲೇ. ಮೊದಲು ಈರುಳ್ಳಿ, ಮೆಣಸು, ಉಪ್ಪು, ನಿಂಬೆರಸ ಚೆನ್ನಾಗಿ ಕಿವುಚಬೇಕು, ಆಮೇಲೆ ಮೀನು, ಕಾಯಿ ಕೊನೆಗೆ. ಮನೆಯಲ್ಲಿ ನಾನು ಸುಟ್ಟ ಬಂಗಡೆಯಲ್ಲೇ ಮಾಡಿಕೊಳ್ಳುತ್ತೇನೆ, ಮುಳ್ಳು ಬಿಡಿಸುವ ತಾಳ್ಮೆ ಬೇಕು, ರುಚಿ ಸಮೀಪಕ್ಕೆ ಬರುತ್ತದೆ. ಕಾಯಿ ಮಾತ್ರ ಆಗಷ್ಟೇ ಒಡೆದದ್ದಾಗಿರಬೇಕು, ಫ್ರಿಜ್ಜಿನಲ್ಲಿಟ್ಟ ತುರಿ ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ.